ಅಡಿಕೆ ಹಾಳೆಯ ಮುಟ್ಟಾಳೆ: ತಲೆಗೆ ತಂಪು

ಪುತ್ತೂರಿನ ಕಡೆ ಹೋಗಿದ್ದಾಗ ಒಂದು ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ಕೊಂಡೆ. ತುಳುನಾಡಿನ ರೈತರ ತಲೆಯ ಮೇಲೆ ನೋಡಿರುತ್ತೀರಿ ಅಲ್ವಾ? ನಮಾಜಿನ ಟೋಪಿಯ ಹಾಗೆ ಇದಕ್ಕೂ ಹೊರಗೆ ಚಾಚಿದ ಅಂಚಿಲ್ಲ, ತಲೆಗೆ ಅಂಟಿದಂತೆ ಕೂರುತ್ತದೆ, ಹಾಗಾಗಿ ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ ಹೊತ್ತರೂ ಅಡ್ಡ ಬರುವುದಿಲ್ಲ, ಮಳೆ ಬಂದರೂ ನೆತ್ತಿ ಒದ್ದೆಯಾಗುವುದಿಲ್ಲ. ನೆನೆಸಿ ಮೆತ್ತಗೆ ಮಾಡಿದ ಅಡಿಕೆ ಹಾಳೆಯನ್ನು ಮಡಚಿ ಕೈಯಲ್ಲೇ ಹೊಲಿದಿದ್ದಾರೆ. ಆ ಮಡಿಕೆಗಳು ಎಷ್ಟು ಚೆಂದ!

ಒಂದೇ ಬೇಸರ. ಅಂಗಡಿಯವರು ತಲೆಯ ಅಳತೆ ಕೇಳಲಿಲ್ಲ, ನನಗೆ ಸ್ವಲ್ಪ ಜಾಸ್ತಿ ಬಿಗಿ. ನೀವು ಹಾಕಿ ನೋಡಿಯೇ ತಗೊಳ್ಳಿ. ಮಳೆಗಾಲದಲ್ಲಿ ಸುಮ್ನೆ ಮೂಲೆಗೆ ಎಸೆದರೆ ಬೂಸ್ಟು ಹಿಡಿಯುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿಡಿ. ತೋಟದ ಕೆಲಸಕ್ಕೆ ಪ್ಲಾಸ್ಟಿಕ್ ಟೋಪಿಗಿಂತ ನೂರು ಪಾಲು ವಾಸಿ.