ಲೆಂಟ್ ದಿನಗಳಿಗೆ ಬಾಡಿಗೆ ಟಿಟಿ: ಧಾರವಾಡ, ಬೆಟಗೇರಿ, ಮಾಗಡಿ ಕೆರೆ, ಲಕ್ಷ್ಮೇಶ್ವರ

ಲೆಂಟ್ ಎಂದರೆ ಈಸ್ಟರಿಗೆ ಮುಂಚಿನ ಕ್ರೈಸ್ತರ ಉಪವಾಸಕಾಲ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ 46 ದಿನ. ನಡುವಿನ ಆರು ಭಾನುವಾರ ಕಳೆದರೆ ಉಪವಾಸದ 40 ದಿನ. ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಸಭೆಗಳವರು ಈ ದಿನಗಳಲ್ಲಿ ಒಂದು ಶನಿವಾರ ಟೆಂಪೋ ಟ್ರಾವೆಲರ್ ಹಿಡಿದು ಗದಗ ಕಡೆ ಹೋಗಿಬರುವುದುಂಟು. ನಮ್ಮವರ ಬಾಯಲ್ಲಿ ಅದು ಬರೀ ಟಿಟಿ. ಈ ಬಾಡಿಗೆ ಸೇವೆ ಹೇಗಿದೆ, ದಾರಿ ಹೇಗಿದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ತೂಗಿ ನೋಡಿದೆ. ಮೊದಲೇ ಹೇಳಿಬಿಡುವುದಾದರೆ ಐದಕ್ಕೆ ನಾಲ್ಕು. ಆ ಒಂದು ಅಂಕ ಎಲ್ಲಿ ಹೋಯಿತೆಂಬುದು ಬಾಡಿಗೆಯ ಷರತ್ತು ನೋಡಿದರೆ ತಿಳಿಯುತ್ತದೆ.

ದಿನ ಆರಿಸುವುದೇ ಅರ್ಧ ಕೆಲಸ. ಈಸ್ಟರ್ ಹುಣ್ಣಿಮೆಯ ಲೆಕ್ಕದ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಅದು. ಹೆಚ್ಚಿನ ವರ್ಷ ಆ ಹುಣ್ಣಿಮೆ ಚೈತ್ರದ್ದು, ಅಂದರೆ ಯುಗಾದಿ ಆದಮೇಲಿನದು. ಒಮ್ಮೊಮ್ಮೆ ಹೋಳಿ ಹುಣ್ಣಿಮೆಯೇ ಈಸ್ಟರಿನ ಹುಣ್ಣಿಮೆಯೂ ಆಗುತ್ತದೆ. 2024ರಲ್ಲಿ ಹಾಗಾಗಿ, ಈಸ್ಟರಿನ ಹಿಂದಿನ ದಿನವಾದ ಮಾರ್ಚ್ 30ರ ಶನಿವಾರವೇ ರಂಗಪಂಚಮಿ ಬಂತು. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ, ಹೋಳಿ ಹುಣ್ಣಿಮೆ ಮಾರ್ಚ್ 22ಕ್ಕೆ. ಅಂದರೆ ಆ ವರ್ಷವೂ ರಂಗಪಂಚಮಿ ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲೇ ಬೀಳುತ್ತದೆ. ಹುಬ್ಬಳ್ಳಿಯಲ್ಲಿ ಬಣ್ಣದ ಜೋರು ಅಂದೇ. ಪೇಟೆ ಬಂದ್, ಓಣಿಗಳಲ್ಲಿ ವಾಹನ ಹೊರಡುವುದು ಕಷ್ಟ. ಅಂಥ ವರ್ಷ ಪವಿತ್ರ ವಾರಕ್ಕೆ ಕಾಯದೆ ಎರಡು ವಾರ ಮೊದಲೇ ಹೋಗಿಬಂದರೆ ನೆಟ್ಟಗೆ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ ಇರುವುದರಿಂದ ಆ ದಿನ ಲೆಕ್ಕಕ್ಕೇ ಇಲ್ಲ.

ಇನ್ನು ಗಾಡಿ. ಸಾಮಾನ್ಯವಾಗಿ ಸಿಗುವುದು 12 ಸೀಟಿನದು ಇಲ್ಲವೆ 17 ಸೀಟಿನದು. ಹನ್ನೆರಡು ಜನರಿಗೆ 12 ಸೀಟಿನದನ್ನೇ ಹಿಡಿದರೆ ನೀರಿನ ಕ್ಯಾನು, ಬುತ್ತಿ, ಹಾರ್ಮೋನಿಯಂ, ತಬಲಾ ಎಲ್ಲ ಕಾಲಡಿಗೆ ಬರುತ್ತವೆ. ಹತ್ತು ಮಂದಿಗೆ 12ರದು, ಹದಿನಾಲ್ಕಕ್ಕೆ 17ರದು ಎಂದು ಇಟ್ಟುಕೊಳ್ಳಬೇಕು. ತಬಲಾವನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟಬೇಡಿ. ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಮಧ್ಯಾಹ್ನದ ಹಾಡಿಗೆ ಹಾರ್ಮೋನಿಯಂ ಒಂದು ಕಡೆ, ಅದು ಒಂದು ಕಡೆ. ಹಿಂದಿನ ಸಾಲಿನ ಸೀಟುಗಳು ಹಿಂಗಾಲಿಯ ಆಚೆ ಇರುವುದರಿಂದ ಅಲ್ಲಿ ಕುಲುಕಾಟ ಹೆಚ್ಚು. ಬೆನ್ನುನೋವಿನವರಿಗೆ ಮುಂದಿನ ಎರಡು ಸಾಲು ಬಿಡಿ. ಮೆಟ್ಟಿಲು ಎತ್ತರ, ಹಿರಿಯರಿದ್ದರೆ ಒಂದು ಪ್ಲಾಸ್ಟಿಕ್ ಸ್ಟೂಲ್ ಜೊತೆಗಿರಲಿ. ಎಸಿ ಇದೆ ಎನ್ನುವವರೆಲ್ಲರ ಗಾಡಿಯಲ್ಲೂ ಹಿಂದಿನ ಸಾಲಿಗೆ ತಣ್ಣನೆ ಗಾಳಿ ತಲುಪುವುದಿಲ್ಲ. ಬುಕ್ ಮಾಡುವ ಮುಂಚೆ ಗಾಡಿ ನಿಂತಲ್ಲೇ ಹತ್ತು ನಿಮಿಷ ಎಸಿ ಹಾಕಿಸಿ, ಕೊನೆಯ ಸೀಟಿನಲ್ಲಿ ಕೂತು ನೋಡಿ. ಹಳದಿ ಬೋರ್ಡ್, ಫಿಟ್‌ನೆಸ್ ಪತ್ರ, ವಿಮೆಯ ತಾರೀಖು ಅಲ್ಲೇ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಟಯರಿನ ಗಾಳಿಯನ್ನು ಬೆಳಗ್ಗೆ ಹೊರಡುವ ಮೊದಲು, ಟಯರ್ ತಣ್ಣಗಿದ್ದಾಗ ನೋಡಿಸಬೇಕು. ಐವತ್ತು ಕಿಲೋಮೀಟರ್ ಓಡಿದ ಮೇಲೆ ನೋಡಿದರೆ ಅಂಕಿ ಏರಿರುತ್ತದೆ. ಆಗ ಗಾಳಿ ಇಳಿಸಿದರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ.

ಬಾಡಿಗೆಯ ಷರತ್ತಿನಲ್ಲಿ ಜನ ಎಡವುವುದು ಮೂರು ಮಾತಿಗೆ. ದರ ಕಿಲೋಮೀಟರಿಗೆ ಇಷ್ಟು ಎಂದಿದ್ದರೂ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಮಿತಿ ಇರುತ್ತದೆ. ಎಣಿಕೆ ನೀವು ಹತ್ತಿದಲ್ಲಿಂದ ಅಲ್ಲ, ಗಾಡಿ ಶೆಡ್ ಬಿಟ್ಟಲ್ಲಿಂದ ಮತ್ತೆ ಶೆಡ್ ಸೇರುವವರೆಗೆ. ಡ್ರೈವರ್ ಭತ್ಯೆ, ಟೋಲ್, ಪಾರ್ಕಿಂಗ್ ಎಲ್ಲ ಬೇರೆ. "ಅಣ್ಣಾರ, ಕಿಲೋಮೀಟರ್ ಎಲ್ಲಿಂದ ಎಣಸ್ತೀರಿ? ಭತ್ತೆ ದಿನದ್ದೋ, ರಾತ್ರಿ ಹತ್ತರ ಮ್ಯಾಲ ಬ್ಯಾರೆನೋ?" ಎಂದು ಫೋನಿನಲ್ಲಿ ಕೇಳಿ, ಬಂದ ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಸಂಜೆ ಗೇಟಿನ ಮುಂದೆ ನಡೆಯುವ ವಾದಕ್ಕೆ ಕಾರಣ ಪ್ರತಿಸಲವೂ ಇದೇ.

ಕನಿಷ್ಠ ಮಿತಿಯ ಇನ್ನೊಂದು ಕೆಡುಕು ದುಡ್ಡಿಗಿಂತ ದೊಡ್ಡದು. 300ಕ್ಕೆ ಹಣ ಕಟ್ಟಿದ್ದೇವೆ, ದಾರಿ ಬರೀ 200 ಅಂದಾಗ ಉಳಿದ ನೂರನ್ನೂ ತುಂಬಿಸುವ ಆಸೆ ಹುಟ್ಟುತ್ತದೆ. ಹಾವೇರಿಯ ಯಾಲಕ್ಕಿ ಹಾರ, ಬಂಕಾಪುರದ ಕೋಟೆಯ ನವಿಲುಧಾಮ, ಬ್ಯಾಡಗಿ ಮೆಣಸಿನಕಾಯಿ ಪೇಟೆ ಎಲ್ಲ ಒಂದೇ ದಿನಕ್ಕೆ ಸೇರಿಕೊಳ್ಳುತ್ತವೆ. ಹಾಗೆ ಮಾಡಿದವರಿಗೆ ಗಾಡಿಯ ಕಿಟಕಿಯಷ್ಟೇ ಉಳಿಯುತ್ತದೆ. ಉಪವಾಸದ ದಿನಗಳಲ್ಲಿ ತಟ್ಟೆಯಲ್ಲಿ ಬಿಡುವುದನ್ನು ಕಲಿಯುತ್ತೇವೆ, ದಾರಿಯಲ್ಲೂ ನೂರು ಕಿಲೋಮೀಟರ್ ಬಿಡಬೇಕು ಎಂಬುದು ಇಲ್ಲಿನ ಖಚಿತ ಅಭಿಪ್ರಾಯ. ಹಾವೇರಿ ಕಡೆಯದು ಬೇರೆ ದಿನಕ್ಕೆ ಇರಲಿ. ಆಗ ಬ್ಯಾಡಗಿಗೆ ವಹಿವಾಟು ಜೋರಿರುವ ದಿನ ಹೋಗಬೇಡಿ, ಲಾರಿಗಳ ಸಾಲು ಮತ್ತು ಘಾಟಿಗೆ ಮಕ್ಕಳು ಕೆಮ್ಮಿ ಸಾಕಾಗುತ್ತಾರೆ.

ದಾರಿಯ ವಿಷಯಕ್ಕೆ ಬಂದರೆ, ಇದರ ಬೆಲೆ ಇರುವುದು ಊರುಗಳ ಕ್ರಮದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸುವಾರ್ತಾ ಸಂಸ್ಥೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿಗೆ ಅಂಟಿಕೊಂಡ ಬೆಟಗೇರಿ ತಲುಪಿತು. ಅವರಿಗೆ ನಾಲ್ಕು ವರ್ಷ ಹಿಡಿದ ಹಾದಿ ಟಿಟಿಗೆ ಎರಡು ತಾಸು: ಧಾರವಾಡದಿಂದ ಹುಬ್ಬಳ್ಳಿ 20 ಕಿ.ಮೀ., ಅಲ್ಲಿಂದ ಅಣ್ಣಿಗೇರಿ ಮೇಲೆ ಗದಗ ಸುಮಾರು 58. ಬೆಳಗ್ಗೆ ಆರಕ್ಕೆ ಧಾರವಾಡದ ಹೆಬಿಕ್ ಸ್ಮಾರಕ ದೇವಾಲಯದ (ಚರ್ಚಿನ) ಅಂಗಳದಲ್ಲಿ ಪ್ರಾರ್ಥನೆ ಮಾಡಿ ಹೊರಟರೆ ಒಂಬತ್ತರ ಒಳಗೆ ಬೆಟಗೇರಿ. ಜನರನ್ನು ಓಣಿ ಓಣಿಗೆ ಹತ್ತಿಸಿಕೊಳ್ಳುತ್ತ ಹೋದರೆ ಹುಬ್ಬಳ್ಳಿ ದಾಟುವುದರೊಳಗೆ ಎಂಟಾಗುತ್ತದೆ. ಧಾರವಾಡದಲ್ಲಿ ಒಂದು ಕಡೆ, ಹುಬ್ಬಳ್ಳಿಯಲ್ಲಿ ಒಂದು ಕಡೆ, ಅಷ್ಟೇ.

ಹುಬ್ಬಳ್ಳಿ ದಾಟಿದ ಕೂಡಲೆ ಎರೆ ಹೊಲ ಶುರು. ನಮ್ಮ ವಸಂತದ ಬಗ್ಗೆ ಮಾತಾಡಬೇಕಾದದ್ದು ಇಲ್ಲೇ. ಬೈಬಲಿನ ಪರಮಗೀತೆಯಲ್ಲಿ ಮಳೆಗಾಲ ಮುಗಿದು ಹೂ ಅರಳುತ್ತವೆ. ಅದು ಪ್ಯಾಲೆಸ್ತೀನಿನ ಋತುಮಾನ, ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ನಮ್ಮಲ್ಲಿ ಮಳೆ ಹೋಗಿ ನಾಲ್ಕೈದು ತಿಂಗಳಾಗಿರುತ್ತದೆ, ಮುಂದಿನ ಮಳೆಗೆ ಇನ್ನೂ ಎರಡು-ಮೂರು ತಿಂಗಳು ಬಾಕಿ. ಬಿಳಿಜೋಳ ಕೊಯ್ದ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು. ಅಂಥ ನೆಲದಲ್ಲೇ ಬದುವಿನ ಮುತ್ತಲ ಗಿಡ ಒಂದೆಲೆಯೂ ಇಲ್ಲದೆ ಕೆಂಡದ ಹಾಗೆ ಹೂ ಬಿಡುತ್ತದೆ, ಹೊಂಗೆ ಎಲೆ ಉದುರಿಸಿ ಹೊಸ ಎಲೆ ತರುತ್ತದೆ, ಬೇವು ಹೂವಾಗುತ್ತದೆ. ಮೇಲೆ ಹನಿ ನೀರಿಲ್ಲ, ಬೇರಿಗೆ ಮಾತ್ರ ತಿಳಿದಿರುವ ನೀರು ಅದು. ಬಿಸಿಲು ಬಂದರೂ ಹೆದರದ ಮರವೆಂದು ಪ್ರವಾದಿ ಯೆರೆಮೀಯನು ಹೇಳಿದ್ದನ್ನು ಅಣ್ಣಿಗೇರಿಯ ಆಚೆ ಗಾಡಿ ನಿಲ್ಲಿಸಿ ಓದಿಕೊಂಡರೆ ಬೇರೆ ಪ್ರಸಂಗ ಬೇಕಿಲ್ಲ. ಮುತ್ತಲದ ಹೂ ನೋಡಬೇಕೆಂದರೆ ಮಾರ್ಚ್ ಎರಡನೆಯ ವಾರ ದಾಟಿಸಬೇಡಿ, ಏಪ್ರಿಲ್‌ಗೆ ಹೋದರೆ ಹೊಂಗೆ, ಬೇವು.

ಇದೇ ತಿಂಗಳುಗಳಲ್ಲಿ ಒಳರಸ್ತೆಗಳ ಮೇಲೆ ರಾಶಿ ಹಾಕಿರುತ್ತಾರೆ. ಜೋಳದ ದಂಟಿನ ಮೇಲೆ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ. ಹುರುಳಿ ಹೊಟ್ಟು ಇನ್ನೂ ಅಪಾಯ. ಅದು ಗಾಡಿಯಡಿಯ ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡ ಉದಾಹರಣೆಗಳಿವೆ. ರಾಶಿ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಡ್ರೈವರ್ ಕೆಳಗೆ ಬಗ್ಗಿ ನೋಡಿ, ಸಿಕ್ಕಿದ್ದನ್ನು ಕಿತ್ತು ಹಾಕಲಿ. ಕತ್ತಲಾದ ಮೇಲೆ ರಾಶಿಯ ಸುತ್ತ ಇಟ್ಟ ಕಲ್ಲು ಕಾಣುವುದಿಲ್ಲ. ಲಕ್ಷ್ಮೇಶ್ವರದಿಂದ ಐದಕ್ಕೆ ಹೊರಡಬೇಕು ಎನ್ನುವುದು ಅದಕ್ಕೇ.

ಬೆಟಗೇರಿಯಲ್ಲಿ ಎರಡು ತಾಸು ಕೊಡಿ. ನೇಕಾರರ ಊರು, ಓಣಿಯಲ್ಲಿ ನಡೆದರೆ ಮಗ್ಗದ ಸದ್ದು ಕೇಳುತ್ತದೆ. ಮಿಷನ್ನಿನ ಆಸ್ಪತ್ರೆಯನ್ನು ಜನ ಈಗಲೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ದೇವಾಲಯ ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ, ಒಂದು ವಾರ ಮೊದಲು ಅಲ್ಲಿನ ಸಭಾಪಾಲಕರಿಗೆ ತಿಳಿಸಬೇಕು. ಆಸ್ಪತ್ರೆಯ ಆವರಣದಲ್ಲಿ ಗುಂಪು ಕಟ್ಟಿ ಹಾಡುವುದು ಬೇಡ.

ಊಟಕ್ಕೆ ಲೆಂಟ್ ಆಚರಿಸುವವರಿಗೆ ಈ ಸೀಮೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಖಾನಾವಳಿಗೆ ಹೋದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಝುಣಕ, ಶೇಂಗಾ ಚಟ್ನಿ. ಮಾಂಸ ಬಿಟ್ಟೆವೆಂಬ ನೆನಪೇ ಬರುವುದಿಲ್ಲ. ಹನ್ನೆರಡೂವರೆಯೊಳಗೆ ಹೋದರೆ ಬಿಸಿ ರೊಟ್ಟಿ, ಎರಡರ ಮೇಲೆ ಹೋದರೆ ಪಲ್ಲೆ ಖಾಲಿ. ಬುತ್ತಿ ಒಯ್ಯುವವರು ಕಟಿರೊಟ್ಟಿ ಒಯ್ಯಲಿ, ವಾರವಿಟ್ಟರೂ ಕೆಡದು. ಮೊಸರನ್ನ ಮಾತ್ರ ಆ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿಯುತ್ತದೆ. ಅನ್ನಕ್ಕೆ ಹಾಲು ಹೆಚ್ಚು ಹಾಕಿ ಒಂದು ಚಮಚ ಮೊಸರು ಬೆರೆಸಿದರೆ ಊಟದ ಹೊತ್ತಿಗೆ ಹದವಾಗಿರುತ್ತದೆ. ನೀರು ತಲೆಗೆ ಮೂರು ಲೀಟರ್ ಲೆಕ್ಕ, ಹದಿಮೂರು ಜನಕ್ಕೆ 20 ಲೀಟರಿನ ಎರಡು ಕ್ಯಾನು. ಗದಗಿನ ಮಿರ್ಚಿ ಬಜ್ಜಿ ಸಂಜೆಗೆ ಕಟ್ಟಿಸಿಕೊಳ್ಳುವುದು ಅವರವರ ಉಪವಾಸಕ್ಕೆ ಬಿಟ್ಟದ್ದು.

ಗದಗಿನಿಂದ ಲಕ್ಷ್ಮೇಶ್ವರ ಸುಮಾರು 40 ಕಿ.ಮೀ. ಮಾಗಡಿ ಕೆರೆ ಅದಕ್ಕಿಂತ ಮುಂಚೆ, ಶಿರಹಟ್ಟಿ ತಾಲೂಕಿನಲ್ಲಿದೆ. 2024ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಬರುವವರು ಹೆಚ್ಚಾಗಿದ್ದಾರೆ. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೇ ನೆನೆದು ಹೋದವರು ಮಾರ್ಚ್ ಕೊನೆಗೆ ಬರಿಗೈಯಲ್ಲಿ ಬರುತ್ತಾರೆ. ಚಳಿಗೆ ಬಂದ ಹಕ್ಕಿ ಬಿಸಿಲೇರುತ್ತಿದ್ದಂತೆ ಹೊರಟುಬಿಡುತ್ತದೆ. ಬೂದಿ ಬುಧವಾರ ಫೆಬ್ರವರಿಯಲ್ಲಿ ಬಿದ್ದ ವರ್ಷ (2027ರಲ್ಲಿ ಅದು ಫೆಬ್ರವರಿ 10) ಲೆಂಟಿನ ಮೊದಲ ವಾರದಲ್ಲೇ ಹೋದರೆ ಸಿಕ್ಕಾವು. ಆಕಾಶದ ಹಕ್ಕಿ ತಾನು ಬರಹೋಗುವ ಹೊತ್ತನ್ನು ಬಲ್ಲದು, ನನ್ನ ಜನರೋ ನನ್ನ ನ್ಯಾಯ ತಿಳಿಯರು ಎಂಬ ಯೆರೆಮೀಯನ ಅಳಲನ್ನು ಖಾಲಿ ಕೆರೆಯ ದಂಡೆಯಲ್ಲಿ ಓದಿದಾಗ ತಟ್ಟುವಷ್ಟು ಹಕ್ಕಿ ತುಂಬಿದಾಗ ತಟ್ಟುವುದಿಲ್ಲ. ದಂಡೆಯಲ್ಲಿ ಧ್ವನಿವರ್ಧಕ ಹಚ್ಚಬಾರದು, ಬಿಳಿ ಮತ್ತು ಕೆಂಪು ಬಟ್ಟೆಯವರು ಹಿಂದೆ ನಿಲ್ಲಲಿ.

ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಅಲ್ಲಿನ ತಿರುಳ್ಗನ್ನಡವನ್ನು ಪಂಪ ಮೆಚ್ಚಿ ನೆನೆದಿದ್ದಾನೆ. 1853ರಲ್ಲಿ ಬಂದ ಬಾಸೆಲ್ ಮಿಷನ್ನಿನ ಕಿಟೆಲ್ ಕನ್ನಡ ಕಲಿತು, 1894ರಲ್ಲಿ ನಿಘಂಟು ಹೊರತಂದದ್ದನ್ನು ಧಾರವಾಡದ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಸುವಾರ್ತೆ ನಮಗೆ ಬಂದದ್ದು ಈ ನುಡಿಯಲ್ಲಿ. ಸೋಮೇಶ್ವರ ಗುಡಿಯ ಅಂಗಳಕ್ಕೆ ಹೋಗುವವರು ಅಲ್ಲಿನ ಪದ್ಧತಿಯಂತೆ ಕೆರ ಬಿಟ್ಟು ಹೋಗಲಿ.

ಆರೇಳು ಜನರಷ್ಟೇ ಇದ್ದರೆ ಟಿಟಿ ದಂಡ. ಹುಬ್ಬಳ್ಳಿಯಿಂದ ಗದಗಿಗೆ ಸಾರಿಗೆ ಬಸ್ಸು ದಿನವಿಡೀ ಇವೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ಸಾಕು. ಮಾಗಡಿ ಕೆರೆ ಮಾತ್ರ ಬಸ್ಸಿನವರ ಕೈಗೆ ಸುಲಭವಾಗಿ ಸಿಗುವುದಿಲ್ಲ.

ಡ್ರೈವರಿಗೆ ಬೆಳಗ್ಗೆಯೇ ಇಡೀ ದಿನದ ಹೊತ್ತು ಬರೆದು ಕೊಡಿ. ಆತನ ಊಟವೂ ನಿಮ್ಮ ಪಂಕ್ತಿಯಲ್ಲೇ ಆಗಲಿ, ಊಟದ ನಂತರ ಅರ್ಧ ತಾಸು ಬೇವಿನ ನೆರಳಲ್ಲಿ ಮಲಗಲು ಬಿಡಿ. ಲಕ್ಷ್ಮೇಶ್ವರದಿಂದ ಗುಡಗೇರಿ, ಕುಂದಗೋಳ ಹಾದು ಹುಬ್ಬಳ್ಳಿಗೆ ಬರುವಾಗ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಗಾಜನ್ನು ಹೊರಡುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ, ಆತನ ಪಕ್ಕದ ಸೀಟಿಗೆ ನಿದ್ದೆ ಮಾಡದ ಒಬ್ಬರನ್ನು ಕೂಡಿಸಿ.