ಫೀನಿಕ್ಸ್ ಸುತ್ತಮುತ್ತ ಗುರಿ ಅಭ್ಯಾಸಕ್ಕೆ ಎಲ್ಲಿ ಹೋಗಬೇಕು: ಮೂರು ಜಾಗ ನೋಡಿದ ಮೇಲೆ

ಕೊಡಗಿನ ವಿರಾಜಪೇಟೆ ಕಡೆಯ ತೋಟದ ಮನೆಯಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಪೂಜೆಗಿಟ್ಟ ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುವುದು ನಮ್ಮನೆಯಲ್ಲಿ ಮಕ್ಕಳ ಪಾಲಿನ ಕೆಲಸವಾಗಿತ್ತು. ಕಡಂಬುಟ್ಟು, ಪಂದಿಕರಿ ಊಟವಾದ ಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಅರಿಜೋನಾಕ್ಕೆ ಬಂದು ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಒಂದು ಪಾಯಿಂಟ್ ಟೂ ಟೂ ರೈಫಲ್ ಕೊಂಡೆ. ಆದರೆ ಎಲ್ಲಿ ಹೊಡೆಯುವುದು?

ಹಿತ್ತಲಲ್ಲಂತೂ ಆಗದು. 1999ರಲ್ಲಿ ಎಲ್ಲಿಂದಲೋ ಹಾರಿಬಂದ ಗುಂಡು ತಾಗಿ ಫೀನಿಕ್ಸ್‌ನ 14 ವರ್ಷದ ಹುಡುಗಿಯೊಬ್ಬಳು ತನ್ನ ಮನೆಯ ಹಿತ್ತಲಲ್ಲೇ ಪ್ರಾಣಬಿಟ್ಟಳು. ಮರುವರ್ಷ ಬಂದ ಕಾನೂನು ಊರ ಮಿತಿಯೊಳಗೆ ಬೇಜವಾಬ್ದಾರಿಯಿಂದ ಗುಂಡು ಹಾರಿಸುವುದನ್ನು ಗಂಭೀರ ಅಪರಾಧವಾಗಿಸಿತು.

ಜಾಗದ ಮಾತಿಗೆ ಮೊದಲು ವೀಸಾದ ಮಾತು ಆಡಲೇಬೇಕು. ನಮ್ಮ ಕನ್ನಡದ ಹುಡುಗರು ಆಫೀಸಿನ ಗೆಳೆಯರ ಜೊತೆ ಶನಿವಾರ ಸುಮ್ಮನೆ ಗುರಿ ಅಭ್ಯಾಸದ ರೇಂಜಿಗೆ ಹೊರಟುಬಿಡುತ್ತಾರೆ. ಎಚ್-1ಬಿ, ಎಫ್-1, ಪ್ರವಾಸಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು, ತೋಟೆ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬಾಡಿಗೆಗೆ ಪಡೆದು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು ಹೊಂದಿದ ಲೆಕ್ಕಕ್ಕೇ ಬರಬಹುದು. ಇದಕ್ಕಿರುವ ವಿನಾಯಿತಿಗಳಲ್ಲಿ ಮುಖ್ಯವಾದದ್ದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದಿಲ್ಲದೆ ಮುಟ್ಟಬೇಡಿ. ಒಂದು ಮಧ್ಯಾಹ್ನದ ಖುಷಿಗೆ ವೀಸಾವನ್ನೇ ಪಣಕ್ಕಿಡಬೇಡಿ.

ನಾನು ಮೊದಲು ಹೋದದ್ದು ಬಯಲಿಗೆ. ಫೀನಿಕ್ಸ್ ದಾಟಿದರೆ ಬಿಎಲ್‌ಎಂ ಎಂಬ ಫೆಡರಲ್ ಭೂ ಇಲಾಖೆಯ ಮರುಭೂಮಿ ಕಣ್ಣು ಹಾಯುವಷ್ಟು ದೂರಕ್ಕೂ ಇದೆ. ನಿಷೇಧವಿಲ್ಲದ ಕಡೆ ನಿಯಮ ಪಾಲಿಸಿ ಗುಂಡು ಹಾರಿಸಬಹುದು, ಶುಲ್ಕವಿಲ್ಲ. ಸ್ವಾತಂತ್ರ್ಯ ಅಂದರೆ ಇದೇ ಅನ್ನಿಸಿತ್ತು. ಹತ್ತಿರ ಹೋಗಿ ನೋಡಿದರೆ ಒಡೆದ ಟಿವಿ, ಬಾಟಲಿ ಚೂರು, ಮೈತುಂಬ ತೂತಾದ ಫ್ರಿಜ್ಜು. ಮನುಷ್ಯರಿಗಿಂತ ಹೆಚ್ಚು ವರ್ಷ, ಒಂದೂವರೆ ಶತಮಾನಕ್ಕೂ ಮೇಲೆ ಬಾಳಬಲ್ಲ ಸಗ್ವಾರೊ ಕಳ್ಳಿಗೂ ಯಾರೋ ಗುಂಡು ಹೊಡೆದಿದ್ದರು. ಅದು ಇಲ್ಲಿ ಶಿಕ್ಷಾರ್ಹ ಅಪರಾಧ.

ಒಂದು ಸಣ್ಣ ಗುಡ್ಡವನ್ನೇ ತಡೆಯಾಗಿ ಇಟ್ಟುಕೊಂಡು ಕಾಗದದ ಗುರಿ ನಿಲ್ಲಿಸಿದೆ. ಒಂದು ಮ್ಯಾಗಜಿನ್ ಮುಗಿಸಿ ಇನ್ನೊಂದಕ್ಕೆ ತೋಟೆ ತುಂಬುತ್ತಿದ್ದಾಗ ಆ ಗುಡ್ಡದ ನೆತ್ತಿಯ ಮೇಲೆ ಬೈಕ್ ಸವಾರನೊಬ್ಬ ಕಾಣಿಸಿಕೊಂಡ. ಹಿಂದುಗಡೆ ಬೈಕಿನ ದಾರಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅವನು ಕೈ ಬೀಸಿ ಹೋದ. ನನ್ನ ಕೈಕಾಲು ತಣ್ಣಗಾಗಿ ಬಹಳ ಹೊತ್ತು ಅಲ್ಲೇ ಕೂತೆ. ಪಾಯಿಂಟ್ ಟೂ ಟೂ ಗುಂಡು ಚಿಕ್ಕದು, ಆದರೂ ಒಂದು ಮೈಲಿಗಿಂತ ದೂರ ಹೋಗಬಲ್ಲದು. ಆ ದಿನದ ಮೇಲೆ ಬಯಲಿಗೆ ಹೋಗಿಲ್ಲ. ಬೆಂಕಿಯ ಭಯ ಬೇರೆ: 2017ರಲ್ಲಿ ಟೂಸಾನ್ ದಕ್ಷಿಣಕ್ಕೆ ಸಿಡಿಯುವ ಗುರಿಯೊಂದಕ್ಕೆ ಹೊಡೆದ ಒಂದು ಈಡಿನಿಂದ ಸುಮಾರು 47,000 ಎಕರೆ ಸುಟ್ಟಿತು.

ಎರಡನೆಯದು ಬಾಲ್ಡಿ ಮೌಂಟನ್, ಲೇಕ್ ಪ್ಲೆಸೆಂಟ್ ಹತ್ತಿರ. ಬಯಲಿನ ಈ ಗೋಳು ನೋಡಿಯೇ ಬಿಎಲ್‌ಎಂ ಫೀನಿಕ್ಸ್ ಸುತ್ತ ಇಂಥ ಕೆಲವು ಜಾಗ ಕಟ್ಟಿದೆ. ಗುಂಡು ತಡೆಯುವ ಮಣ್ಣಿನ ದಿಬ್ಬ ಇದೆ, ಕೂರಲು ನೆರಳಿದೆ, ಶುಲ್ಕವಿಲ್ಲ. ಇಲ್ಲದ್ದು ಒಂದೇ, ಮೇಲ್ವಿಚಾರಕರು. ಗುರಿ ಬದಲಿಸಲು ಮುಂದೆ ಹೋಗಬೇಕಾದರೆ ಪಕ್ಕದವರನ್ನು ನಾವೇ ಕೂಗಿ ಕೇಳಬೇಕು, ಅವರು ಕೋವಿ ಕೆಳಗಿಟ್ಟರೇ ಎಂದು ನಾವೇ ನೋಡಿಕೊಳ್ಳಬೇಕು. ವಾರದ ನಡುವಿನ ಬೆಳಿಗ್ಗೆ ಇಬ್ಬರು ಮೂವರಿದ್ದಾಗ ಚೆನ್ನಾಗಿಯೇ ನಡೆಯಿತು. ಭಾನುವಾರ ಹೋದಾಗ ಗುರಿಯ ಕಡೆ ನಡೆಯುವಷ್ಟು ಹೊತ್ತೂ ಬೆನ್ನು ಬಿಗಿದುಕೊಂಡೇ ಇತ್ತು. ಕೈ ಪಳಗಿದವರು, ನಂಬಿಕೆಯ ಜೊತೆಗಾರರು ಇದ್ದರೆ ಹೋಗಬಹುದು. ಹೊಸಬರನ್ನು ನಾನು ಕರೆದೊಯ್ಯಲಾರೆ.

ಮೂರನೆಯದು: ಬಾಲ್ಡಿ ಮೌಂಟನ್‌ನಿಂದ ಪೂರ್ವಕ್ಕೆ ಬಂದರೆ, ಕೇರ್‌ಫ್ರೀ ಹೈವೇಯೂ ಐ-17 ಹೆದ್ದಾರಿಯೂ ಕೂಡುವಲ್ಲಿ ಬೆನ್ ಏವರಿ ಶೂಟಿಂಗ್ ಫೆಸಿಲಿಟಿ. 1,600 ಎಕರೆಗೂ ಮೀರಿದ ಜಾಗ, ನಡೆಸುವುದು ರಾಜ್ಯದ ವನ್ಯಜೀವಿ ಮತ್ತು ಮೀನುಗಾರಿಕೆ ಇಲಾಖೆ. ಹೆಸರು 'ಅರಿಜೋನಾ ರಿಪಬ್ಲಿಕ್' ಪತ್ರಿಕೆಯ ಪತ್ರಕರ್ತರೊಬ್ಬರದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ರೈಫಲ್, ಪ್ರತಿ ಡಬ್ಬಿ ತೋಟೆಯ ಮೇಲೆ ಶೇ 11 ತೆರಿಗೆ ಇದೆ. ಆ ಹಣ ರಾಜ್ಯಗಳಿಗೆ ಹೋಗಿ ಕಾಡುಪ್ರಾಣಿಗಳ ರಕ್ಷಣೆಗೂ ಇಂಥ ರೇಂಜುಗಳಿಗೂ ಬಳಕೆಯಾಗುತ್ತದೆ. ಒಳಗೆ ಹೋಗಲು ಕೊಡುವ ಶುಲ್ಕ ಬಯಲಿನ ಸೊನ್ನೆಗಿಂತ ಜಾಸ್ತಿ ನಿಜ, ಆದರೆ ನನಗೆ ಒಮ್ಮೆಯೂ ದುಬಾರಿ ಅನ್ನಿಸಿಲ್ಲ.

ಸಾಲಾಗಿ ಬೆಂಚು, ಮೇಲೆ ಸೂರು, 200 ಗಜದವರೆಗೂ ಗುರಿ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಅಂಥ ಊರಿನಲ್ಲಿ ನೆರಳೊಂದೇ ಅರ್ಧ ಗೆಲುವು. ಸೂರಿನ ಕೆಳಗೆ ಸದ್ದು ಮಾತ್ರ ಬಯಲಿಗಿಂತ ಹೆಚ್ಚು ಅಪ್ಪಳಿಸುತ್ತದೆ. ಕಿವಿಯೊಳಗೆ ಸ್ಪಂಜು, ಮೇಲೆ ಇಯರ್‌ಮಫ್, ಎರಡೂ ಇರಲಿ. ವಾಪಸು ಹೊರಡುವಾಗ ಕೈ ಸೋಪು ಹಾಕಿ ತೊಳೆಯಿರಿ, ಸೀಸದ ಪುಡಿ ಕೈಗೆ ಅಂಟಿರುತ್ತದೆ.

ನಾನು ಈ ರೇಂಜನ್ನು ಮೇಲೆ ಇಡುವುದು ಬೆಂಚಿಗಾಗಿ ಅಲ್ಲ, 'ಸೀಸ್ ಫೈರ್' ಎಂದು ಕೂಗಿದ ಮೇಲಿನ ಆ ಮೌನಕ್ಕಾಗಿ. ಆಗೊಮ್ಮೆ ಈಗೊಮ್ಮೆ ಈ ಕೂಗು ಬರುತ್ತದೆ. ಎಲ್ಲರೂ ತೋಟೆ ತೆಗೆದು, ಖಾಲಿ ಎಂದು ತೋರುವಂತೆ ಕೋವಿ ತೆರೆದಿಟ್ಟು, ಗೆರೆಯ ಹಿಂದಕ್ಕೆ ಸರಿಯಬೇಕು. ರೇಂಜಿನ ಅಧಿಕಾರಿಗಳು ಒಂದೊಂದೇ ಬೆಂಚು ನೋಡುತ್ತಾ ಹೋಗುತ್ತಾರೆ. ಅವರು ಹೇಳುವವರೆಗೆ ಯಾರೂ ಮುಂದೆ ಕಾಲಿಡುವಂತಿಲ್ಲ, ಯಾರೂ ಕೋವಿ ಮುಟ್ಟುವಂತಿಲ್ಲ. ತೆಂಗಿನಕಾಯಿ ಪಂದ್ಯದಲ್ಲಿ ದೊಡ್ಡಪ್ಪ ಕೋಲಿನಿಂದ ನೆಲದಲ್ಲಿ ಗೆರೆ ಎಳೆದು, ಅದನ್ನು ದಾಟಿದ ಹುಡುಗರನ್ನು ಗದರಿಸುತ್ತಿದ್ದದ್ದೂ ಇದಕ್ಕೇ. ಕೋವಿ ಬಲ್ಲವಳು, ನನಗ್ಯಾಕೆ ಕಾವಲು ಎಂದುಕೊಂಡು ಬಯಲಿಗೆ ಹೋಗಿದ್ದೆ. ಊರಲ್ಲಿ ದೊಡ್ಡಪ್ಪನ ಕಣ್ಣು ನಮ್ಮೆಲ್ಲರ ಮೇಲೆ ಇದ್ದದ್ದು ಆಗ ನೆನಪಿಗೇ ಬಂದಿರಲಿಲ್ಲ.

ಕಳೆದ ಚಳಿಗಾಲ ಅಪ್ಪ ಬಂದಿದ್ದರು. ಕೊಡವರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಊರಲ್ಲಿ ಅವರ ಕೋವಿ ಅವರ ಕೋಣೆಯಲ್ಲೇ ಇರುತ್ತದೆ. ಇಲ್ಲಿ ಪ್ರವಾಸಿ ವೀಸಾ, ಬೇಟೆ ಪರವಾನಗಿಯೂ ಇಲ್ಲ, ಆದ್ದರಿಂದ ಮುಟ್ಟುವ ಹಾಗಿಲ್ಲ. ಹೇಳುವಾಗ ನನಗೆ ಸಂಕಟವಾಯಿತು. "ಕಾನೂನು ಅಂದ್ರೆ ಕಾನೂನು ಮಗಳೇ," ಅಂದವರೇ ಬೆನ್ ಏವರಿಯಲ್ಲಿ ಗೆರೆಯ ಹಿಂದಿನ ಕುರ್ಚಿಯಲ್ಲಿ ಎರಡು ಗಂಟೆ ಕೂತು, ನನ್ನ ಈಡು ಎಣಿಸಿದರು. ಸೀಸ್ ಫೈರ್ ಆದಾಗ 50 ಗಜದ ಗುರಿಯಿಂದ ಕಾಗದ ತಂದು ಅವರ ಕೈಗಿಟ್ಟೆ. ತೂತುಗಳ ಮೇಲೆ ಬೆರಳಾಡಿಸಿ, "ಎಲ್ಲ ಎಡಕ್ಕೇ ಹೋಗಿದೆ. ಕೋವಿ ಕುದುರೆ ಎಳೀಬೇಡ, ಮೆಲ್ಲಗೆ ಹಿಂಡು," ಅಂದರು.