ಅಸ್ತಮಾ ಹತೋಟಿ: ಇನ್‌ಹೇಲರ್ ಮತ್ತು ಮನೆಯ ಗಾಳಿ, ಎರಡನ್ನೂ ಅನುಸರಿಸಿ ನೋಡಿದ ಮೇಲಿನ ಹೋಲಿಕೆ

ಅಸ್ತಮಾ ಇರುವವರಿಗೆ ಎರಡು ಬಗೆಯ ಸಲಹೆಗಳು ಸಿಗುತ್ತವೆ. ಔಷಧಿಯನ್ನು ತಪ್ಪದೆ ತೆಗೆದುಕೊಂಡರೆ ಸಾಕು, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಎನ್ನುವುದು ಒಂದು. ಸುತ್ತಲಿನ ಗಾಳಿಯನ್ನು ಸರಿಪಡಿಸಿಕೊಂಡರೆ ಔಷಧಿಯೇ ಬೇಕಾಗದು ಎನ್ನುವುದು ಇನ್ನೊಂದು. ವೈದ್ಯರ ಅರಿವಿನಲ್ಲೇ ನಾನು ಎರಡನ್ನೂ ಮೊದಲು ಬೇರೆಬೇರೆಯಾಗಿ, ಅನಂತರ ಒಟ್ಟಾಗಿ ಅನುಸರಿಸಿದ್ದೇನೆ. ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ನನಗೆ ಧೂಳು ನುಸಿಯ, ಅಂದರೆ ಹಾಸಿಗೆ ಮತ್ತು ಮನೆಯ ಧೂಳಿನಲ್ಲಿ ಬದುಕುವ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಯ, ಅಲರ್ಜಿ ಇರುವುದು ಖಚಿತವಾಗಿತ್ತು. ಬೆಕ್ಕಿನ ಹೊಟ್ಟು, ಪರಾಗ, ಬೂಷ್ಟು ಇವುಗಳಿಗೆ ಚರ್ಮ ಪ್ರತಿಕ್ರಿಯಿಸಿರಲಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಅಲರ್ಜಿಯ ಮೂಲ ಬೇರೆಯಾದರೆ ಕೆಳಗಿನ ತೀರ್ಮಾನಗಳಲ್ಲಿ ಕೆಲವು ತಲೆಕೆಳಗಾಗುತ್ತವೆ. ಅಳತೆಗೆ ಬಳಸಿದ್ದು ಬೆಳಿಗ್ಗೆ ಮತ್ತು ಸಂಜೆ ಊದುವ, ಉಸಿರನ್ನು ಎಷ್ಟು ರಭಸದಿಂದ ಹೊರಬಿಡಬಲ್ಲೆ ಎಂದು ಅಂಕಿಯಲ್ಲಿ ತೋರಿಸುವ ಪೀಕ್ ಫ್ಲೋ ಮೀಟರ್ ಹಾಗೂ ರಾತ್ರಿ ಎಚ್ಚರವಾದದ್ದನ್ನು ಬರೆದಿಡುವ ಒಂದು ಪುಸ್ತಕ.

ಮೊದಲು ಔಷಧಿಗಳ ನಡುವಿನ ಹೋಲಿಕೆ. ಉಸಿರು ಬಿಗಿದಾಗ ಸೇದುವ ಉಪಶಮನದ ಔಷಧಿಯಾದ ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಶ್ವಾಸನಾಳದ ಸುತ್ತಲಿನ ಸ್ನಾಯುಗಳನ್ನು ಸಡಿಲಿಸುತ್ತದೆ ಮತ್ತು ಅದರ ಪರಿಣಾಮ 4ರಿಂದ 6 ಗಂಟೆಗಳವರೆಗೆ ಉಳಿಯುತ್ತದೆ. ಇಷ್ಟು ಬೇಗ ಉಸಿರು ಮರಳಿಸುವ ಔಷಧಿಯ ಮೇಲೆ ನಂಬಿಕೆ ಬೆಳೆಯುವುದು ಸಹಜ. ಆದರೆ ನಾಳದ ಒಳಪದರದಲ್ಲಿರುವ ಉರಿಯೂತವನ್ನು ಅದು ಮುಟ್ಟುವುದೇ ಇಲ್ಲ. ಅದೊಂದನ್ನೇ ಬಳಸುತ್ತಿದ್ದ ಕಾಲದಲ್ಲಿ ನನ್ನ ಹಗಲುಗಳು ಚೆನ್ನಾಗಿಯೇ ಇದ್ದವು, ಆದರೆ ನಸುಕಿನಲ್ಲಿ ಎದೆ ಬಿಗಿದು ಎಚ್ಚರವಾಗುವುದು ತಪ್ಪುತ್ತಿರಲಿಲ್ಲ, ಮತ್ತು ಬೆಳಗಿನ ಅಂಕಿ ಸಂಜೆಯದಕ್ಕಿಂತ ಶೇಕಡಾ 20ರಷ್ಟು ಕೆಳಗಿರುತ್ತಿತ್ತು. ವಯಸ್ಕರಲ್ಲಿ ಈ ದೈನಂದಿನ ಏರಿಳಿತದ ಸರಾಸರಿ ಶೇಕಡಾ 10ನ್ನು ದಾಟಿದರೆ ಅದನ್ನು ಅತಿಯಾದ ಏರಿಳಿತವೆಂದು ಪರಿಗಣಿಸುತ್ತಾರೆ.

ಸೇದುವ ಸ್ಟೀರಾಯ್ಡ್ ಆದ ಬುಡೆಸೊನೈಡ್ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಸೇದಿದ ತಕ್ಷಣ ಏನೂ ಆದಂತೆ ಅನಿಸುವುದಿಲ್ಲ, ಹಾಗಾಗಿ ಬಹಳ ಜನ ಮೊದಲ ವಾರದಲ್ಲೇ ಅದನ್ನು ಬಿಟ್ಟುಬಿಡುತ್ತಾರೆ. ಪೂರ್ಣ ಫಲಕ್ಕೆ ವಾರಗಳೇ ಬೇಕು. ನನ್ನ ಪುಸ್ತಕದಲ್ಲಿ ಮೊದಲು ಕಡಿಮೆಯಾದದ್ದು ರಾತ್ರಿಯ ಎಚ್ಚರ. ಬೆಳಗಿನ ಅಂಕಿ ನಿಧಾನವಾಗಿ ಆಮೇಲೆ ಏರಿತು. ಸ್ಟೀರಾಯ್ಡ್ ಎಂದೊಡನೆ ಹುಟ್ಟುವ ಭಯಕ್ಕೆ ಒಂದು ಮಾತು ಹೇಳಬಹುದು: ಸೇದುವ ಪ್ರಮಾಣವನ್ನು ಮೈಕ್ರೋಗ್ರಾಂಗಳಲ್ಲಿ ಎಣಿಸುತ್ತಾರೆ, ತೀವ್ರ ಉಲ್ಬಣದಲ್ಲಿ ನುಂಗುವ ಗುಳಿಗೆಯನ್ನು ಮಿಲಿಗ್ರಾಂಗಳಲ್ಲಿ. ದನಿ ಒಡೆಯುವುದು ಮತ್ತು ಬಾಯಿಯಲ್ಲಿ ಬಿಳಿ ಶಿಲೀಂಧ್ರ ಕಟ್ಟುವುದು ಸಾಮಾನ್ಯವಾಗಿ ಕಾಣುವ ತೊಂದರೆಗಳು. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಅವು ಬಹುಪಾಲು ದೂರವಿರುತ್ತವೆ.

ಇವೆರಡರ ನಡುವೆ ಮೂರನೆಯ ಆಯ್ಕೆಯೊಂದಿದೆ. ಜಾಗತಿಕ ಮಾರ್ಗಸೂಚಿಯನ್ನು ರೂಪಿಸುವ ಜಿನಾ ಸಂಸ್ಥೆ 2019ರಿಂದ ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್‌ನಂಥ ಔಷಧಿಯೊಂದನ್ನೇ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡುತ್ತಿಲ್ಲ. ಬದಲಾಗಿ ಕಡಿಮೆ ಪ್ರಮಾಣದ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಒಂದೇ ಇನ್‌ಹೇಲರ್‌ನಲ್ಲಿ ಬೆರೆತದ್ದನ್ನು ಬೇಕಾದಾಗ ಬಳಸುವ ಕ್ರಮಕ್ಕೆ ಆದ್ಯತೆ ನೀಡಿದೆ. ಫಾರ್ಮೊಟೆರಾಲ್ ಸಾಲ್ಬುಟಮಾಲ್‌ನಷ್ಟೇ ಬೇಗ ಕೆಲಸ ಆರಂಭಿಸಿ ಸುಮಾರು 12 ಗಂಟೆ ಉಳಿಯುವುದರಿಂದ, ಉಸಿರು ಬಿಗಿದಾಗಲೆಲ್ಲ ಉಪಶಮನದ ಜೊತೆಗೆ ಸ್ಟೀರಾಯ್ಡ್ ಕೂಡ ಒಳಗೆ ಹೋಗುತ್ತದೆ. ನಿತ್ಯದ ಔಷಧಿಯನ್ನು ಮರೆಯುವ ನನ್ನಂಥವರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಕಾಣೆ.

ಸಾಧನಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಒತ್ತಿ ಸಿಂಪಡಿಸುವ ಇನ್‌ಹೇಲರ್‌ಗೆ ನಿಧಾನವಾದ, ಆಳವಾದ ಉಸಿರು ಬೇಕು. ಪುಡಿಯ ಇನ್‌ಹೇಲರ್‌ಗೆ ರಭಸದ ಸೆಳೆತ ಬೇಕು. ಎರಡರಲ್ಲೂ ಸೇದಿದ ಮೇಲೆ 10 ಸೆಕೆಂಡು ಉಸಿರು ಹಿಡಿಯುವುದು ಒಳ್ಳೆಯದು. ಸಿಂಪಡಿಸುವ ಬಗೆಗೆ ಸ್ಪೇಸರ್, ಅಂದರೆ ಇನ್‌ಹೇಲರ್ ಮತ್ತು ಬಾಯಿಯ ನಡುವಿನ ಟೊಳ್ಳು ಕೊಳವೆ, ಜೋಡಿಸಿದರೆ ಗಂಟಲಿಗೆ ಬಡಿಯುವ ಔಷಧಿ ಕಡಿಮೆಯಾಗಿ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚುತ್ತದೆ. ಉಸಿರು ತೀರಾ ಕಟ್ಟಿದಾಗ ರಭಸದಿಂದ ಸೆಳೆಯುವುದು ಕಷ್ಟವಾದ್ದರಿಂದ ತುರ್ತಿಗೆ ನಾನು ಸ್ಪೇಸರ್ ಕಡೆಗೇ ವಾಲುತ್ತೇನೆ. ಪರಿಸರದ ಮಾತು ಬಂದಿರುವುದರಿಂದ ಇದನ್ನೂ ಸೇರಿಸಬಹುದು: ಸಿಂಪಡಿಸುವ ಇನ್‌ಹೇಲರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಾಗಿರುವ ಅನಿಲವು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಲವಾದದ್ದು, ಪುಡಿಯ ಇನ್‌ಹೇಲರ್‌ನಲ್ಲಿ ಅಂಥ ಅನಿಲವೇ ಇಲ್ಲ.

ಇನ್ನು ಮನೆಯೊಳಗಿನ ಗಾಳಿ. ಇಲ್ಲಿ ನಾನು ಹೋಲಿಸಿದ್ದು ಏರ್ ಪ್ಯೂರಿಫೈಯರ್, ಹಾಸಿಗೆಯ ಹೊದಿಕೆ ಹಾಗೂ ಬಿಸಿನೀರಿನ ಒಗೆತ, ಕಾರ್ಪೆಟ್ ತೆಗೆಯುವುದು, ತೇವಾಂಶ ಇಳಿಸುವುದು ಇವುಗಳನ್ನು. ಹೆಚ್ಚು ಹಣ ಹೋದದ್ದು ಪ್ಯೂರಿಫೈಯರ್‌ಗೆ, ಕಡಿಮೆ ಫಲ ಬಂದದ್ದೂ ಅದರಿಂದಲೇ. ಇದು ಯಂತ್ರದ ದೋಷವಲ್ಲ. ಅದರೊಳಗಿನ ಹೆಪಾ ಎಂಬ ಸೂಕ್ಷ್ಮ ಶೋಧಕವು 0.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಕಣಗಳಲ್ಲಿ ಶೇಕಡಾ 99.97ನ್ನು ಹಿಡಿಯುತ್ತದೆ ಎಂಬ ಮಾತು ನಿಜ, ಆದರೆ ಹಿಡಿಯಬೇಕಾದ ಕಣ ಗಾಳಿಯಲ್ಲಿ ತೇಲುತ್ತಿರಬೇಕು. ನುಸಿಯ ಅಲರ್ಜಿ ಬರುವುದು ಮುಖ್ಯವಾಗಿ ಅದರ ಮಲದ ಕಣಗಳಿಂದ. ಅವು 10 ಮೈಕ್ರಾನ್‌ಗಿಂತ ದೊಡ್ಡವಾದ್ದರಿಂದ ಹಾಸಿಗೆ ಕೊಡವಿದಾಗ ಮೇಲೆದ್ದು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅಲ್ಲೇ ಕೂರುತ್ತವೆ. ಯಂತ್ರ ಕೋಣೆಯ ಮೂಲೆಯಲ್ಲಿ ರಾತ್ರಿಯಿಡೀ ಓಡುತ್ತಿರುವಾಗ ಮೂಗು ಇರುವುದು ದಿಂಬಿನ ಮೇಲೆ. ಬೆಕ್ಕಿನ ಅಲರ್ಜಿ ಇದ್ದವರ ಸ್ಥಿತಿ ಬೇರೆ: ಅದರ ಕಣಗಳಲ್ಲಿ ಗಣನೀಯ ಪಾಲು 5 ಮೈಕ್ರಾನ್‌ಗಿಂತ ಚಿಕ್ಕದಾಗಿದ್ದು ಗಂಟೆಗಟ್ಟಲೆ ತೇಲುತ್ತವೆ, ಆದ್ದರಿಂದ ಅವರಿಗೆ ಅದೇ ಯಂತ್ರದಿಂದ ಹೆಚ್ಚು ಉಪಯೋಗವಾಗಬಹುದು. ಓಝೋನ್ ಹೊರಬಿಡುವ ಯಂತ್ರಗಳನ್ನು ಮಾತ್ರ ಯಾರೂ ಕೊಳ್ಳಬಾರದು. ಓಝೋನ್ ತಾನೇ ಶ್ವಾಸನಾಳವನ್ನು ಕೆರಳಿಸುವ ಅನಿಲ.

ನನಗೆ ಫಲ ಕೊಟ್ಟದ್ದು ಹಾಸಿಗೆಯ ಸುತ್ತ ಮಾಡಿದ ಕೆಲಸ. ಹಾಸಿಗೆ ಮತ್ತು ದಿಂಬುಗಳಿಗೆ ನುಸಿ ದಾಟದ ಬಿಗಿ ನೇಯ್ಗೆಯ ಹೊದಿಕೆ ಹಾಕಿದೆ. ಹೊದೆಯುವ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯತೊಡಗಿದೆ. ತಣ್ಣೀರಿನ ಒಗೆತವು ಅಲರ್ಜಿ ತರುವ ಪ್ರೋಟೀನನ್ನು ತೊಳೆಯುತ್ತದೆ, ಆದರೆ ನುಸಿಗಳನ್ನು ಕೊಲ್ಲುವುದಿಲ್ಲ. ಮಲಗುವ ಕೋಣೆಯ ಕಾರ್ಪೆಟ್ ತೆಗೆದು ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಲಾರಂಭಿಸಿದೆ. ಇವುಗಳಿಗಿಂತ ನಿಧಾನವಾದರೂ ಬುಡಕ್ಕೇ ಕೈ ಹಾಕುವುದು ತೇವಾಂಶದ ನಿಯಂತ್ರಣ: ನುಸಿಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತವೆ, ಹಾಗಾಗಿ ಸಾಪೇಕ್ಷ ಆರ್ದ್ರತೆ ಬಹುಕಾಲ ಶೇಕಡಾ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತವೆ. ಬಹಳ ತೇವದ ಹವೆಯಲ್ಲಿ ಈ ಮಟ್ಟ ಸಾಧಿಸುವುದು ಯಂತ್ರದಿಂದಲೂ ಕಷ್ಟ ಎನ್ನುವುದನ್ನು ಒಪ್ಪಲೇಬೇಕು.

ಹೊದಿಕೆಯೊಂದೇ ಸಾಕೇ ಎಂಬ ಪ್ರಶ್ನೆಗೆ ನನ್ನ ಅನುಭವವೂ ಸಂಶೋಧನೆಯೂ ಸಾಲದೆಂದೇ ಹೇಳುತ್ತವೆ. ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನದಲ್ಲಿ ಹೊದಿಕೆಯೊಂದರಿಂದಲೇ ಪ್ರಯೋಜನ ಕಾಣಲಿಲ್ಲ. ಆದರೆ 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ನಗರಗಳ 937 ಮಕ್ಕಳ ಅಲರ್ಜಿಗಳನ್ನು ಪರೀಕ್ಷಿಸಿ, ಪ್ರತಿ ಮಗುವಿನ ಮನೆಯಲ್ಲೂ ಅದಕ್ಕೆ ಸಂಬಂಧಿಸಿದ ಮೂಲಗಳನ್ನೂ ತಂಬಾಕಿನ ಹೊಗೆಯನ್ನೂ ಒಟ್ಟಿಗೆ ಕಡಿಮೆ ಮಾಡಿದಾಗ ಅಸ್ತಮಾ ಲಕ್ಷಣಗಳ ದಿನಗಳು ಸ್ಪಷ್ಟವಾಗಿ ಇಳಿದವು. ತನಗೆ ಸಂಬಂಧಿಸದ ಮೂಲದ ಮೇಲೆ ಎಷ್ಟು ದುಡಿದರೂ ವ್ಯರ್ಥ, ಒಂದೇ ತುದಿಯಿಂದ ಎಳೆದರೂ ವ್ಯರ್ಥ ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಈಗ ಎರಡೂ ಪಕ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೀಗೆ ಕಾಣುತ್ತದೆ. ಕೈಯಲ್ಲಿ ಸಾಲ್ಬುಟಮಾಲ್ ಮಾತ್ರ ಇಟ್ಟುಕೊಂಡು ಕೋಣೆಯನ್ನು ಶುದ್ಧ ಮಾಡಿದ ಕಾಲದಲ್ಲಿ ಸೀನು ಮತ್ತು ಮೂಗು ಕಟ್ಟುವುದು ಚೆನ್ನಾಗಿ ಇಳಿದವು, ಬೆಳಗಿನ ಅಂಕಿ ಸ್ವಲ್ಪವೇ ಏರಿತು, ಮತ್ತು ಒಂದು ನೆಗಡಿ ಬಂದೊಡನೆ ಗಳಿಸಿದ್ದೆಲ್ಲ ಕರಗಿತು. ಕೋಣೆಯನ್ನು ಹಾಗೆಯೇ ಬಿಟ್ಟು ಬುಡೆಸೊನೈಡ್ ತೆಗೆದುಕೊಂಡ ಕಾಲದಲ್ಲಿ ಬೆಳಗಿನ ಅಂಕಿ ಬಹಳ ಏರಿ ನೆಗಡಿಯನ್ನೂ ತಾಳಿಕೊಂಡಿತು, ಆದರೆ ಡೋಸ್ ಇಳಿಸಿದಾಗಲೆಲ್ಲ ಕುಸಿಯಿತು. ಎರಡನ್ನೂ ಸೇರಿಸಿದ ಮೇಲೆ ಮೂರು ತಿಂಗಳ ಸ್ಥಿರತೆಯನ್ನು ನೋಡಿ ವೈದ್ಯರು ಡೋಸನ್ನು ಇಳಿಸಿದರು, ಮತ್ತು ಈ ಸಲ ಅಂಕಿ ನಿಂತಿತು. ಪರಿಸರದ ಪಾತ್ರ ನನಗೆ ಸ್ಪಷ್ಟವಾಗಿ ಕಂಡದ್ದು ಅಲ್ಲೇ: ಔಷಧಿಯನ್ನು ಬಿಡಿಸುವುದರಲ್ಲಿ ಅಲ್ಲ, ಕಡಿಮೆ ಔಷಧಿಯಲ್ಲಿ ನಿಲ್ಲಿಸುವುದರಲ್ಲಿ.

ಹೊರಗಿನ ಗಾಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ವಾಹನಗಳ ನೈಟ್ರೋಜನ್ ಡೈಆಕ್ಸೈಡ್, ಹೊಗೆಯ ಸೂಕ್ಷ್ಮ ಕಣ, ಬಿಸಿಲೇರಿದ ಮಧ್ಯಾಹ್ನದ ಓಝೋನ್ ಇವುಗಳಿಗೆ ಅಲರ್ಜಿಯೇ ಬೇಕಿಲ್ಲ, ಅವು ಯಾರ ನಾಳವನ್ನಾದರೂ ಕೆರಳಿಸುತ್ತವೆ. 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವಾರ್ಷಿಕ ಸರಾಸರಿಯ ಮಿತಿಯನ್ನು ಘನಮೀಟರಿಗೆ 5 ಮೈಕ್ರೋಗ್ರಾಂಗೆ ಇಳಿಸಿತು. ಅಂಥ ಕಣಗಳು ತೇಲುತ್ತಲೇ ಇರುವುದರಿಂದ ಹೊಗೆ ಕವಿದ ದಿನಗಳಲ್ಲಿ ಪ್ಯೂರಿಫೈಯರ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಆ ದಿನಗಳಲ್ಲಿ ಕಿಟಕಿ ಮುಚ್ಚಿ ಅದನ್ನು ಓಡಿಸುತ್ತೇನೆ, ವ್ಯಾಯಾಮವನ್ನು ಒಳಗೇ ಮುಗಿಸುತ್ತೇನೆ. ಉಳಿದ ದಿನಗಳಲ್ಲಿ ಅದು ಆರಿಯೇ ಇರುತ್ತದೆ.